ಜೋನಿ ಬೆಲ್ಲ ಹಾರಿದ ಲೆಕ್ಕ

ಮೊನ್ನೆ ಶಿರಸಿಯಿಂದ ಹೊರಟ ಬಸ್ಸಿನಲ್ಲಿ ಕಟ್ಟಕಡೆಯ ಸೀಟು ಸಿಕ್ಕಿತು. ತೊಡೆಯ ಮೇಲೆ ಜೋನಿ ಬೆಲ್ಲದ, ಅಂದರೆ ನೀರು ಬೆಲ್ಲದ ಡಬ್ಬಿ. ಪಕ್ಕದಲ್ಲಿ ಒಂಬತ್ತನೇ ಕ್ಲಾಸಿನ ಅಕ್ಕನ ಮಗ, ಮರುದಿನ ವಿಜ್ಞಾನದ ಟೆಸ್ಟು.

"ಜಡತ್ವ ಅಂದ್ರೆ ಎಂತದು ಮಾವ?" ಅಂದ.

ನಾನು ಬಾಯಿ ತೆಗೆಯುವಷ್ಟರಲ್ಲಿ ರಸ್ತೆಯ ಹಂಪು ಬಂತು. ನಾವಿಬ್ಬರೂ ಮೇಲೆ, ಡಬ್ಬಿ ಇನ್ನೂ ಮೇಲೆ, ಮುಚ್ಚಳ ಎಲ್ಲಿಗೋ. ಇಳಿಯುವಾಗ ಬೆಲ್ಲ ನನ್ನ ಪಂಚೆಯ ಮೇಲೆ ಇಳಿಯಿತು.

"ಹಾರಿದ್ವಲ್ಲ ಮಾವ!"

ಹಾರಿದ್ದಲ್ಲ ತಮಾ. ಹಂಪು ಹತ್ತುವಾಗ ಸೀಟು ನಮ್ಮನ್ನು ಮೇಲಕ್ಕೆ ದೂಡಿತು, ನಾವು ಆ ವೇಗದಲ್ಲೇ ಮೇಲೆ ಹೋಗ್ತಾ ಇದ್ದೆವು, ಅಷ್ಟರಲ್ಲಿ ಬಸ್ಸು ಹಂಪು ದಾಟಿತು, ಸೀಟು ನಮ್ಮನ್ನು ಕೇಳದೇ ಕೆಳಗೆ ಹೋಯಿತು. ಇದ್ದ ಸ್ಥಿತಿಯಲ್ಲೇ ಮುಂದುವರಿಯುವ ಈ ಗುಣವೇ ಜಡತ್ವ. ನ್ಯೂಟನ್ 1687ರಲ್ಲೇ ಬರೆದಿಟ್ಟ. ಹಿಂದಿನ ಸೀಟಿಗೆ ಜಾಸ್ತಿ ಏಟು ಯಾಕೆ ಅಂದರೆ ಅದು ಹಿಂದಿನ ಚಕ್ರಕ್ಕಿಂತಲೂ ಆಚೆ ಇರುತ್ತದೆ, ಚಕ್ರ ಒಂದು ಗೇಣು ಎದ್ದರೆ ಬಾಲ ಅದಕ್ಕಿಂತ ಮೇಲೆ ಏಳುತ್ತದೆ.

ರಸ್ತೆ ಹಂಪಿಗೂ ಅಳತೆ ಇದೆ ಅಂದರೆ ನಮ್ಮೂರಲ್ಲಿ ಯಾರೂ ನಂಬಲ್ಲ. ರಸ್ತೆ ಇಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹೇಳಿದೆ: ಎತ್ತರ 10 ಸೆಂ.ಮೀ., ಬಸ್ಸು ಹೋಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್. ಅಂದರೆ 17 ಮೀಟರ್ ತ್ರಿಜ್ಯದ ದೊಡ್ಡ ವೃತ್ತದ ಒಂದು ಚೂರು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಅದರ ಮೇಲೆ ಹೋದರೆ ಸೀಟು ನಮ್ಮನ್ನು ಬಿಟ್ಟು ಹೋಗಲ್ಲ.

ಈಗ ನಮ್ಮ ಹಂಪು. ಟಿಪ್ಪರಿನಲ್ಲಿ ಜಲ್ಲಿ, ಡಾಂಬರು ಎಷ್ಟು ಉಳಿದಿದೆಯೋ ಅಷ್ಟನ್ನು ಸುರಿದದ್ದೇ ಅಳತೆ. ಒಂದೂವರೆ ಮೀಟರ್ ಅಗಲ, 15 ಸೆಂ.ಮೀ. ಎತ್ತರ ಅಂತ ಇಟ್ಟುಕೊಳ್ಳಿ. ತ್ರಿಜ್ಯ 2 ಮೀಟರಿಗೆ ಇಳಿಯಿತು. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ತೆಗೆದುಕೊಂಡು, ಅದರ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ, ಅದು 9.8 ದಾಟಿತೋ, ಆಗ ಭೂಮಿಯ ಸೆಳೆತ ಸಾಲದು, ನೀವು ಗಾಳಿಯಲ್ಲಿ. ಟಯರು, ಸ್ಪ್ರಿಂಗಿನ ಲೆಕ್ಕ ಬಿಟ್ಟರೆ ಇದಕ್ಕೆ ಗಂಟೆಗೆ ಸುಮಾರು 16 ಕಿ.ಮೀ. ಸಾಕು. ಅಷ್ಟು ವೇಗದಲ್ಲಿ ನಮ್ಮ ಹುಡುಗರು ಸೈಕಲ್ ತುಳೀತಾರೆ.

ಹಂಪೇ ಬೇಡ ಅಂತಲ್ಲ. ವೇಗ ಅರ್ಧಕ್ಕೆ ಇಳಿದರೆ ಡಿಕ್ಕಿಯ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಶಾಲೆ ಎದುರು ಅದು ಒಂದು ಮಗುವಿನ ಜೀವ. ಆದರೆ ಹಂಪಿನ ಅಂಚಿನಲ್ಲಿ ನೀರು ಹೋಗಲಿ ಅಂತ ಒಂದು ಮೊಳ ಜಾಗ ಬಿಡ್ತಾರಲ್ಲ, ಬೈಕಿನವರೆಲ್ಲ ವೇಗ ಕಡಿಮೆ ಮಾಡದೇ ಅಲ್ಲೇ ನುಗ್ಗುತ್ತಾರೆ. ಶಾಲೆ ಮಕ್ಕಳು ನಡೆಯೋದೂ ಅಲ್ಲೇ.

ಪ್ರತಿ ಕ್ರಿಯೆಗೂ ಒಂದು ಪ್ರತಿಕ್ರಿಯೆ ಇದೆ ಅನ್ನುವ ನ್ಯೂಟನ್ನನ ಮೂರನೇ ನಿಯಮಕ್ಕೂ ನಮ್ಮಲ್ಲಿ ಉದಾಹರಣೆ ಇದೆ. ಈ ಹಂಪು ಸರಿ ಮಾಡಿ ಅಂತ ನಾನು ಹಿಂದೆಯೇ ಅರ್ಜಿ ಕೊಟ್ಟಿದ್ದೆ. ತಿಂಗಳೊಳಗೆ ಪ್ರತಿಕ್ರಿಯೆ ಬಂತು. ಪಕ್ಕದಲ್ಲೇ ಇನ್ನೊಂದು ಹಂಪು! ಯಾಕೆ ಅಂತ ಕೇಳಿದರೆ, "ನಮ್ಮ ಮನೆ ಎದುರೂ ಒಂದಿರಲಿ ಅಂತ ಮತ್ತೊಬ್ಬರ ಅರ್ಜಿ ಇತ್ತು" ಅಂದರು. ಆ ಮತ್ತೊಬ್ಬರು ನನ್ನ ಸ್ವಂತ ಭಾವ. ಇರಲಿ ಬಿಡಿ.

ಆಮೇಲೆ ಒಬ್ಬ ಮಂತ್ರಿಗಳು ಬರುತ್ತಾರೆ ಅಂತ ಸುದ್ದಿಯಾಯಿತು. ರಾತ್ರೋರಾತ್ರಿ ಜೇಸಿಬಿ ಬಂದು ಎರಡೂ ಹಂಪು ಕೆರೆದು ಹೋಯಿತು. ಜಡತ್ವ ಎಲ್ಲ ವಸ್ತುಗಳಿಗೂ ಇದೆ ಅಂತ ಪುಸ್ತಕದಲ್ಲಿದೆ, ಮಂತ್ರಿಗಳಿಗೆ ವಿನಾಯಿತಿ ಇದ್ದದ್ದು ನನಗೆ ಗೊತ್ತಿರಲಿಲ್ಲ. ಅವರು ದಾಟಿ ನಾಲ್ಕು ದಿನಕ್ಕೆ ಹಂಪುಗಳು ವಾಪಸ್, ಈ ಸಲ ಇನ್ನಷ್ಟು ಚೂಪಾಗಿ. ಬಳಿದ ಬಿಳಿ ಪಟ್ಟೆ ಮೊದಲ ಮಳೆಗೇ ಹೋಯಿತು. ಹಂಪು ಮಾತ್ರ ಹೋಗಲಿಲ್ಲ.

ಹುಡುಗನ ಟೆಸ್ಟಿನಲ್ಲಿ ಜಡತ್ವಕ್ಕೆ ಒಂದು ಉದಾಹರಣೆ ಕೊಡಿ ಅಂತ ಬಂತಂತೆ. ಬಸ್ಸು, ಹಂಪು, ಬೆಲ್ಲದ ಡಬ್ಬಿ, ಮಾವನ ಪಂಚೆ, ಎಲ್ಲ ಬರೆದು ಬಂದಿದ್ದಾನೆ. ಎರಡಕ್ಕೆ ಒಂದೇ ಮಾರ್ಕು. ಪುಸ್ತಕದಲ್ಲಿ ಗ್ಲಾಸಿನ ಮೇಲೆ ಕಾರ್ಡು, ಕಾರ್ಡಿನ ಮೇಲೆ ನಾಣ್ಯ ಇದೆಯಂತೆ, ಬೆಲ್ಲ ಇಲ್ಲವಂತೆ.