ಸೊನ್ನೆ ರೂಪಾಯಿಗೆ ಕೊಟೇಶನ್ ಸಿಗಲ್ಲ

ರಾಯಚೂರಿನ ಒಂದು ಕಚೇರಿಗೆ ಹೊಸ ಕಂಪ್ಯೂಟರ್‌ಗಳು ಬಂದವು. ಅಗಲ ಪರದೆ, ಪುಟ್ಟ ಡಬ್ಬಿ, ಒಳಗೆ ವಿಂಡೋಸ್ 11. ಕುಂಕುಮ ಹಚ್ಚಿ, ಕಾಯಿ ಒಡೆದು ಶುರು ಮಾಡಿದರು. ಮೊದಲು ಒಂದು ಚಹಾ ಕುಡಿದು ಬರುವಷ್ಟರಲ್ಲಿ ರಸೀದಿ ಸಿಗುತ್ತಿತ್ತು. ಈಗ ಒಗ್ಗಣ್ಣಿ ಮಿರ್ಚಿ ತಿಂದು, ಕೈ ತೊಳೆದು ಬಂದರೂ ಕ್ಯೂ ಅಲ್ಲೇ ಇರುತ್ತದೆ.

ಕಾರಣ ಕೇಳಿದರೆ ಒಂದೇ ಉತ್ತರ: ಸರ್ವರ್ ಸ್ಲೋ. ಪಾಪ, ಆ ಸರ್ವರ್ ಮಾಡುವುದು ಫೈಲ್ ಇಟ್ಟುಕೊಂಡು ಕೂರುವ ಕೆಲಸ ಮಾತ್ರ. ಲೆಕ್ಕವೆಲ್ಲ ನಡೆಯುವುದು ಗುಮಾಸ್ತರ ಮೇಜಿನ ಮೇಲೆ. ಅಲ್ಲಿ ಓಡುತ್ತಿರುವುದು ಫಾಕ್ಸ್‌ಪ್ರೋ 2.6, ವಿಂಡೋಸ್‌ಗಿಂತ ಹಳೆಯದಾದ ಡಾಸ್ ವ್ಯವಸ್ಥೆಯ ಕಾಲದ ಡೇಟಾಬೇಸ್ ಪ್ರೋಗ್ರಾಂ. ಇಂಡೆಕ್ಸ್, ಅಂದರೆ ಯಾವ ದಾಖಲೆ ಎಲ್ಲಿದೆ ಅಂತ ಹೇಳುವ ಪಟ್ಟಿ, ಕೆಟ್ಟಿದ್ದರೆ ಒಬ್ಬ ರೈತನ ಹೆಸರು ಹುಡುಕಲು ಇಡೀ ಫೈಲು ಕೇಬಲ್ ಮೇಲೆ ಬರಬೇಕು. ದಾರಿಯಲ್ಲಿ ಆಂಟಿವೈರಸ್ ಚೆಕ್‌ಪೋಸ್ಟ್ ಬೇರೆ. ಫೈಲ್ ತೆರೆದಾಗೆಲ್ಲ ಅದಕ್ಕೆ ಹೊಸ ಅನುಮಾನ.

ಇವತ್ತಿನ 64 ಬಿಟ್ ವಿಂಡೋಸ್ ಡಾಸ್ ಕಾಲದ ಈ ಪ್ರೋಗ್ರಾಂಗಳನ್ನು ಮನೆಯೊಳಗೇ ಬಿಡುವುದಿಲ್ಲ. ಬಿಟ್ಟುಕೊಳ್ಳುತ್ತಿದ್ದ ಹಳೇ 32 ಬಿಟ್ ಆವೃತ್ತಿ ವಿಂಡೋಸ್ 11ಕ್ಕೆ ಇಲ್ಲವೇ ಇಲ್ಲ. ಹಾಗಾಗಿ ಡಾಸ್‌ನ ವೇಷ ಹಾಕುವ ಇನ್ನೊಂದು ಸಾಫ್ಟ್‌ವೇರ್ ಕೂರಿಸಿದ್ದಾರೆ. ಅಂದರೆ ಇಷ್ಟೆಲ್ಲ ದುಡ್ಡು ಕೊಟ್ಟು ತಂದ ಹೊಸ ಯಂತ್ರ ಬೆಳಿಗ್ಗೆಯಿಂದ ಸಂಜೆವರೆಗೆ ತಾನು ಹಳೇ ಯಂತ್ರ ಅಂತ ನಾಟಕ ಆಡಬೇಕು. ಸಂಬಳವಿಲ್ಲದ ಕಲಾವಿದ.

ಇನ್ನೊಂದು ವಿಚಿತ್ರ ಇದೆ. ಬೆಳಿಗ್ಗೆ ಮೊದಲು ಬಂದವರಿಗೆ ಪ್ರೋಗ್ರಾಂ ಸರಸರ ಓಡುತ್ತದೆ. ಎರಡನೆಯವರು ಅದೇ ಫೈಲ್ ತೆರೆದ ತಕ್ಷಣ ಇಬ್ಬರಿಗೂ ತೆವಳುತ್ತದೆ. ಒಬ್ಬರೇ ಇದ್ದಾಗ ವಿಂಡೋಸ್ ಫೈಲಿನ ಭಾಗಗಳನ್ನು ಅವರ ಕಂಪ್ಯೂಟರ್‌ನಲ್ಲೇ ಇಟ್ಟುಕೊಳ್ಳಲು ಬಿಡುತ್ತದೆ. ಇನ್ನೊಬ್ಬರು ಬಂದರೆ ಆ ಸವಲತ್ತು ವಾಪಸ್. ಇದನ್ನು ಬಿಡಿಸಿ ಹೇಳಿದಾಗ ಹಿರಿಯ ಗುಮಾಸ್ತರು ಬಹಳ ಸಂತೋಷಪಟ್ಟರು. “ನೋಡ್ರಿ, ಅದಕ್ಕೇ ನಾವು ಒಬ್ಬೊಬ್ಬರ ಲೇಟಾಗಿ ಬರೋದು.”

ಅಳಿಸಿದ ದಾಖಲೆಗಳ ಕತೆ ಇನ್ನೂ ಚೆಂದ. ಫಾಕ್ಸ್‌ಪ್ರೋದಲ್ಲಿ ಅಳಿಸು ಅಂದರೆ ದಾಖಲೆಯ ಮುಂದೆ ಒಂದು ನಕ್ಷತ್ರ ಬೀಳುತ್ತದೆ, ಅಷ್ಟೇ. ‘ಪ್ಯಾಕ್’ ಅಂತ ಹೊಡೆಯುವವರೆಗೆ ಅದು ಫೈಲಿನಲ್ಲೇ ಜಾಗ ಹಿಡಿದು ಕೂತಿರುತ್ತದೆ. ತೀರಿಹೋದವರು, ಊರು ಬಿಟ್ಟವರು, ತಪ್ಪಾಗಿ ಎರಡು ಸಲ ಹುಟ್ಟಿದವರು, ಎಲ್ಲರೂ ಹಾಜರು. ಪ್ಯಾಕ್ ಹೊಡೆಯಬೇಕಾದರೆ ಉಳಿದವರೆಲ್ಲ ಆ ಫೈಲ್ ಬಿಟ್ಟು ಹೊರಗೆ ಬರಬೇಕು. ಸಂಜೆ ಐದೂವರೆಗೆ ಹಾಗೆ ತಪ್ಪದೆ ಬರುತ್ತಾರೆ ನಿಜ. ಆದರೆ ಪ್ಯಾಕ್ ಹೊಡೆಯಬೇಕಾದವನು ಐದು ಗಂಟೆಗೇ ಬಸ್ ಹತ್ತಿರುತ್ತಾನೆ.

ಕೇಬಲ್ ಎಳೆಯಲು ಬಂದ ಹುಡುಗ ಇದನ್ನೆಲ್ಲ ನೋಡಿ ಸಾಹೇಬರ ಹತ್ತಿರ ಹೋದ. ಪ್ಯಾಕ್ ಮಾಡಿ, ಇಂಡೆಕ್ಸ್ ಹೊಸದಾಗಿ ಕಟ್ಟಿ, ಡೇಟಾ ಇರುವ ಆ ಒಂದು ಫೋಲ್ಡರ್‌ಗೆ ಮಾತ್ರ ಆಂಟಿವೈರಸ್‌ನಿಂದ ವಿನಾಯಿತಿ ಕೊಡಿ ಅಂದ. ಆಮೇಲೆ ನಿಧಾನಕ್ಕೆ ಡೇಟಾವನ್ನು ಇವತ್ತಿನ ಡೇಟಾಬೇಸ್‌ಗೆ ಸಾಗಿಸಬಹುದು ಅಂತಲೂ ಸೇರಿಸಿದ.

“ಮೊದಲನೇದಕ್ಕ ಖರ್ಚು ಎಷ್ಟಾಗ್ತದ?”

“ಏನೂ ಇಲ್ರಿ ಸಾರ್. ಒಂದು ಸಂಜಿ ಕೆಲಸ.”

ಸಾಹೇಬರ ಮುಖ ಬಾಡಿತು. “ಏನೂ ಇಲ್ಲಂದ್ರ ಹ್ಯಾಂಗೋ ತಮ್ಮಾ? ಮೂರು ಕೊಟೇಶನ್ ಬೇಕು. ಮೂರೂ ಕಡಿಂದ ಸೊನ್ನೆ ಬಂದ್ರ ಕಡಿಮಿ ಯಾವುದು ಅಂತ ಬರೀಲಿ? ಆಡಿಟ್‌ನವರು ಬಿಡ್ತಾರೇನು?”

ಹುಡುಗನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಕಂಪ್ಯೂಟರ್ ಕಲಿತಿದ್ದ, ಕಚೇರಿ ಕಲಿತಿರಲಿಲ್ಲ.

ಈಗ ಹೊಸ ಪ್ರಸ್ತಾವನೆ ಹೋಗಿದೆ. ಪ್ರತಿ ಕಂಪ್ಯೂಟರ್‌ಗೆ ಇನ್ನೂ 16 ಜಿಬಿ ಮೆಮೊರಿ, ಸರ್ವರ್ ಕೋಣೆಗೆ ಒಂದು ಏಸಿ. ಡಾಸ್ ಹುಟ್ಟಿದ್ದೇ 640 ಕಿಲೋಬೈಟ್ ಲೆಕ್ಕದಲ್ಲಿ, ಈ 16 ಜಿಬಿಯನ್ನು ಅದು ಎಲ್ಲಿ ಇಟ್ಟುಕೊಳ್ಳುತ್ತೆ ಅಂತ ಯಾರೂ ಕೇಳಿಲ್ಲ. ಏಸಿ ಬಗ್ಗೆ ಮಾತ್ರ ತಕರಾರಿಲ್ಲ. ಮೇ ತಿಂಗಳ ರಾಯಚೂರಿನಲ್ಲಿ ಸರ್ವರ್ ಕೋಣೆಗೆ ದಿನಾ ತಪಾಸಣೆಗೆ ಹೋಗಲು ಸಿಬ್ಬಂದಿ ಈಗಲೇ ಸರದಿ ಪಟ್ಟಿ ಮಾಡಿಕೊಂಡಿದ್ದಾರೆ.