ಬೆರಳಿನ ಹಿಂದೆ ಕಣ್ಣು: ಮನಸ್ಸಿನ ಆಘಾತಕ್ಕೆ ಕಣ್ಣಾಡಿಸಿ ಕೊಡುವ ಚಿಕಿತ್ಸೆ ಇಎಂಡಿಆರ್ ನಮ್ಮ ಜಿಲ್ಲಾಸ್ಪತ್ರೆಗಳಿಗೂ ಬರಬೇಕೆ?

ಪರ: ಬರಲಿ, ಬೆಂಗಳೂರಿನ ಓಡಾಟ ತಪ್ಪಲಿ
(ಹೈಸ್ಕೂಲ್ ಟೀಚರ್, ಕೊಪ್ಪಳ)

ಗಂಗಾವತಿ ರಸ್ತೆಯಲ್ಲಿ ಭತ್ತ ತುಂಬಿ ನಿಂತಿದ್ದ ಟ್ರ್ಯಾಕ್ಟರ್‌ಗೆ ನಮ್ಮ ಟೆಂಪೊ ಹಿಂದಿನಿಂದ ಗುದ್ದಿತು. ರಾತ್ರಿ ಎಂಟು ಗಂಟೆ. ಟ್ರೇಲರ್ ಹಿಂದೆ ಒಂದು ಕೆಂಪು ದೀಪವೂ ಇರಲಿಲ್ಲ. ನನಗೆ ಹುಬ್ಬಿನ ಮೇಲೆ ಮೂರು ಹೊಲಿಗೆ, ಅಷ್ಟೇ. ಜೊತೆಗಿದ್ದ ಟೀಚರ್‌ಗೆ ಬಲಗೈ ಎರಡು ಕಡೆ ಮುರಿಯಿತು. ಗಾಳಿ ಜಾಸ್ತಿ ಅಂತ ಕಿಟಕಿ ಪಕ್ಕದಿಂದ ಎದ್ದು ಅವರನ್ನು ಅಲ್ಲಿ ಕೂರಿಸಿದ್ದು ನಾನೇ.

ಸುಗ್ಗಿಯಲ್ಲಿ ರಸ್ತೆ ತುಂಬ ಭತ್ತ ಹರವುತ್ತಾರಲ್ಲ, ಆ ವಾಸನೆಗೇ ಅಂಗೈ ಬೆವರುತ್ತಿತ್ತು. ಅತ್ತೆ ಹುಲಿಗೆಮ್ಮನಿಗೆ ಹರಕೆ ಹೊತ್ತರು. ಪಕ್ಕದ ಮನೆಯವರು ದರ್ಗಾದಿಂದ ತಾಯತ ತಂದುಕೊಟ್ಟರು. ಅದು ಈಗಲೂ ತೋಳಲ್ಲಿದೆ, ಇರಲಿ ಬಿಡಿ. ಆದರೆ ನಿದ್ದೆ ಬರಲಿಲ್ಲ.

ಕೊನೆಗೆ ತಂಗಿ ಬೆಂಗಳೂರಿಗೆ ಕರೆಸಿಕೊಂಡು, ಇಎಂಡಿಆರ್ ಮಾಡುವ ಮೇಡಂ ಒಬ್ಬರ ಹತ್ತಿರ ಕರೆದೊಯ್ದಳು. ಮೊದಲೆರಡು ಸಲ ಬೆರಳೇ ಆಡಿಸಲಿಲ್ಲ, ಬರೀ ಮಾತು. ಮೂರನೇ ಸಲ ಮೇಡಂ ಕೇಳಿದರು: ‘ಯಾವ ಚಿತ್ರ ಜಾಸ್ತಿ ಕಾಡುತ್ತೆ? ಆಗ ನಿಮ್ಮ ಬಗ್ಗೆ ನಿಮಗೇ ಏನನ್ನಿಸುತ್ತೆ?’ ‘ತಪ್ಪು ನನ್ನದೇ’ ಅಂದೆ. ಸೊನ್ನೆಯಿಂದ ಹತ್ತರೊಳಗೆ ಸಂಕಟ ಎಷ್ಟು? ಒಂಬತ್ತು. ಆಮೇಲೆ ಅವರ ಎರಡು ಬೆರಳು ಎಡಕ್ಕೆ, ಬಲಕ್ಕೆ. ಅರ್ಧ ನಿಮಿಷ ಕಣ್ಣಲ್ಲೇ ಹಿಂಬಾಲಿಸಬೇಕು. ನಿಲ್ಲಿಸಿ, ‘ಈಗ ಏನು ಬಂತು?’ ಅಂತಾರೆ. ಮತ್ತೆ ಬೆರಳು. ನಾನು ಅತ್ತದ್ದು ಆ ಕೈಗಲ್ಲ, ಟ್ರೇಲರ್‌ಗೆ ದೀಪ ಇರಲಿಲ್ಲ ಅನ್ನೋದು ಥಟ್ಟನೆ ನೆನಪಾಗಿ. ಐದಾರು ಸಲ ಹೋದ ಮೇಲೆ ಸಂಕಟ ಎರಡಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ?

ಇದು ಮಂತ್ರ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೊ 1987ರಲ್ಲಿ ಪಾರ್ಕಿನಲ್ಲಿ ನಡೆಯುವಾಗ ಕಣ್ಣಿನ ಓಡಾಟ ಗಮನಿಸಿ ಶುರುಮಾಡಿದ್ದು. ಒಟ್ಟು ಎಂಟು ಹಂತಗಳಿವೆ. ಆಘಾತದ ನಂತರದ ಕಾಯಿಲೆಗೆ ಇದೂ ಒಂದು ಚಿಕಿತ್ಸೆ ಅಂತ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡಿದೆ. ಬೆಂಗಳೂರಿನಲ್ಲಿ ತಂಗಿಯ ಮನೆ ಇಲ್ಲದವರು ಏನು ಮಾಡಬೇಕು?

ವಿರೋಧ: ಬೆರಳಿಗಿಂತ ಮಾತ್ರೆ ಮುಖ್ಯ
(ನಿವೃತ್ತ ಆರೋಗ್ಯ ಕಾರ್ಯಕರ್ತ, ಬಳ್ಳಾರಿ)

ಪರ ಬರೆಯಲು ಟೀಚರ್ ಮೊದಲೇ ಸಿಕ್ಕಿದ್ದರಂತೆ. ‘ನೀವು ವಿರೋಧ ಬರೀರಿ’ ಅಂದರು ಸಂಪಾದಕರು. ಆಯ್ತು ಅಂದೆ.

ನನ್ನ ತಕರಾರು ಬೆರಳಿನ ಮೇಲೆ. ಕಣ್ಣು ಆಡಿಸದೆ ಉಳಿದದ್ದೆಲ್ಲ ಹಾಗೇ ಮಾಡಿ ನೋಡಿದ ಕೆಲವು ಅಧ್ಯಯನಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಗುಣ ಕಂಡಿದೆ. ಅಂದರೆ ವಾಸಿ ಮಾಡಿದ್ದು ಹೆದರಿದ್ದನ್ನು ಮತ್ತೆ ಕಣ್ಮುಂದೆ ತಂದುಕೊಂಡು ಬಾಯಿಬಿಟ್ಟು ಹೇಳಿದ್ದು. ಬೆರಳು ಸುಮ್ನೆ ಜೊತೆಗೆ. ಪುಂಗಿ ಆಡಿದ ಕಡೆ ಹಾವು ತಲೆ ಆಡಿಸಿದ ಹಾಗೆ ಮನುಷ್ಯರನ್ನು ಕೂರಿಸಿದರೆ ನನಗಂತೂ ನಗು ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆಯಂತೆ. ಅದು ಹೇಳಿದ್ದನ್ನೆಲ್ಲ ಮಾಡಿದ್ದರೆ ನಮ್ಮ ಓಣಿಯ ಚರಂಡಿ ಎಂದೋ ಮುಚ್ಚಿರುತ್ತಿತ್ತು.

ಮನಸ್ಸಿನ ಕಾಯಿಲೆ ವಿಷಯದಲ್ಲಿ ಬಳ್ಳಾರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಯೋಗ ಮಾಡಿದ್ದು ಇಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ನಮ್ಮಂಥ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಸೈಕಲ್ ಮೇಲೆ ಊರೂರು ತಿರುಗಿದ್ದೇವೆ. ದೆವ್ವ ಹಿಡಿದಿದೆ ಅಂತ ಕಂಬಕ್ಕೆ ಕಟ್ಟಿದ್ದ ಹುಡುಗನನ್ನು ಬಿಡಿಸಿ ಮೂರ್ಛೆರೋಗದ ಮಾತ್ರೆ ಶುರುಮಾಡಿಸಿದ್ದು ನಾನೇ. ಅವನಿಗೀಗ ಮೊಮ್ಮಕ್ಕಳು. ಎದುರು ಸಿಕ್ಕರೆ ಚಹಾ ಕುಡಿಸದೆ ಬಿಡಲ್ಲ. ಈ ಬಳ್ಳಾರಿ ಮಾದರಿಯನ್ನೇ ಹಿಡಿದು 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಒಬ್ಬರ ಮುಂದೆ ಗಂಟೆಗಟ್ಟಲೆ ಬೆರಳಾಡಿಸಿದ್ದರೆ ಇದೆಲ್ಲ ಆಗುತ್ತಿತ್ತಾ? ಮೊದಲು ಮಾತ್ರೆ ಸ್ಟಾಕ್ ಇರಲಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಪುಕ್ಕಟೆ ಮಾತಾಡುತ್ತಾರೆ. ಅದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ಭಾಮೈದ ಸಂಡೂರಿನ ಅದಿರು ಲಾರಿ ಓಡಿಸುತ್ತಿದ್ದ. ಕಣ್ಣೆದುರೇ ಕ್ಲೀನರ್ ಹೋದ. ನಾಲ್ಕು ವರ್ಷ ಆಯ್ತು, ಸ್ಟೇರಿಂಗ್ ಮುಟ್ಟಿಲ್ಲ. ಮಾತ್ರೆ ನುಂಗುತ್ತಾನೆ, ಮಾತಾಡಲ್ಲ. ಬೆಂಗಳೂರಿನ ಆ ಮೇಡಂ ನಂಬರು ಟೀಚರ್ ಹತ್ತಿರ ಇದ್ದರೆ ಸಂಪಾದಕರು ಇಸಿದುಕೊಡಲಿ.