ನಂದಿ ಬೆಟ್ಟ ಹತ್ತಿದ್ದು ಸಾಕು, ಒಂದು ಸಲ ಅದರ ಬುಡದಲ್ಲಿ ಸುತ್ತಿ ನೋಡಿ

ಭಾನುವಾರ ಬೆಳಗಿನ ಜಾವ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ನಿಂತರೆ ಸೈಕಲ್‌ಗಳ ಸಾಲೇ ಸಾಲು. ಎಲ್ಲರ ಗುರಿ ಒಂದೇ, ನಂದಿ ಬೆಟ್ಟ. 1478 ಮೀಟರ್ ಎತ್ತರ, ತುದಿಯವರೆಗೂ ಡಾಂಬರು, ಒಂದಾದ ಮೇಲೊಂದು ತಿರುವು. ಹತ್ತಿ, ಫೋಟೋ ತೆಗೆಸಿಕೊಂಡು, ಟೈಮ್ ಎಷ್ಟಾಯ್ತು ಅಂತ ನೋಡಿ ಇಳಿದು ಬರುತ್ತೇವೆ. ಅಷ್ಟು ಏರು ತುಳಿಯುವುದು ಸಣ್ಣ ಮಾತಲ್ಲ. ಆದರೆ ದಪ್ಪ ಟೈರಿನ ಮೌಂಟನ್ ಬೈಕ್ ಇಟ್ಟುಕೊಂಡವರೂ ಅದೇ ಡಾಂಬರಿನಲ್ಲಿ, ಕಾರುಗಳ ಹೊಗೆ ಕುಡಿಯುತ್ತಾ ಹತ್ತುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಆ ಬೈಕಿಗೆಂದೇ ಇರುವ ದಾರಿ ಬೆಟ್ಟದ ಕೆಳಗಿದೆ. ಅದು ದಿನೇದಿನೇ ಕಮ್ಮಿಯಾಗುತ್ತಿದೆ.

ನನ್ನ ಇಷ್ಟದ ಸುತ್ತು ಇದು. ನಂದಿ ಗ್ರಾಮದಿಂದ ಹೊರಟು ಮುದ್ದೇನಹಳ್ಳಿ, ಅಲ್ಲಿಂದ ಸ್ಕಂದಗಿರಿಯ ಬುಡದ ಕಳವಾರದ ಕಡೆಗೆ ಹೋಗಿ, ವಾಪಸ್ ಸುಲ್ತಾನ್‌ಪೇಟೆ ಮೇಲೆ ಬಂದು ಮತ್ತೆ ನಂದಿ. ಹೊಲದ ನಡುವಿನ ಬಂಡಿದಾರಿಗಳನ್ನು ಹಿಡಿದು ಅಡ್ಡಾಡಿಕೊಂಡು ಹೋದರೆ ಸುಮಾರು ಮೂವತ್ತು ಕಿಲೋಮೀಟರ್. ಈ ಭಾಗದ ನೆಲವೇ ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ದೊಡ್ಡ ಏರು ಅಂತ ಎಲ್ಲೂ ಇಲ್ಲ, ಆದರೆ ಮಟ್ಟಸವಾಗಿಯೂ ಇಲ್ಲ. ಒಂದು ದಿಣ್ಣೆ ಹತ್ತಿದರೆ ಕೆಳಗೊಂದು ಹಳ್ಳ, ಹಳ್ಳದಲ್ಲಿ ಮರಳು, ಮರಳು ದಾಟಿದ ಕೂಡಲೇ ಮತ್ತೊಂದು ದಿಣ್ಣೆ. ಉಸಿರು ಏರುವಷ್ಟು ಶ್ರಮ ಇದೆ, ಆದರೆ ಸುತ್ತ ಏನಿದೆ ಅಂತ ನೋಡಲಾಗದಷ್ಟು ಅಲ್ಲ. ಮಧ್ಯಮ ದರ್ಜೆಯ ಸುತ್ತು ಅಂದರೆ ಹೀಗಿರಬೇಕು ಅನ್ನೋದು ನನ್ನ ಅಭಿಪ್ರಾಯ. ತಿಂಗಳಿಂದ ಸೈಕಲ್ ಮುಟ್ಟದವರೂ ಸಂಭಾಳಿಸಬಹುದು, ಪಳಗಿದವರಿಗೂ ಬೋರ್ ಆಗಲ್ಲ.

ಶುರು ಮಾಡುವ ಜಾಗವೇ ಚೆಂದ. ಭೋಗನಂದೀಶ್ವರನ ದೇವಸ್ಥಾನದ ಕಥೆ 9ನೇ ಶತಮಾನದಿಂದ ಶುರುವಾಗುತ್ತದೆ. ಆಮೇಲೆ ಬಂದ ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರೂ ಒಂದಿಷ್ಟು ಸೇರಿಸಿದ್ದಾರೆ. ಒಳಗಿನ ಶೃಂಗಿತೀರ್ಥದ ಕಲ್ಯಾಣಿಯ ಮೆಟ್ಟಿಲ ಮೇಲೆ ಬೆಳಗಿನ ಹೊತ್ತು ಹತ್ತು ನಿಮಿಷ ಕೂತು, ಆಮೇಲೆ ಹೊರಡಿ. ಬೆಟ್ಟದ ತುದಿಗೆ ಓಡುವ ಅವಸರದಲ್ಲಿ ಎಷ್ಟೋ ಜನ ಇದನ್ನು ನೋಡಿರುವುದೇ ಇಲ್ಲ. ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಮನೆ ಈಗ ವಸ್ತುಸಂಗ್ರಹಾಲಯ. ಅವರ ಸಮಾಧಿಯೂ ಅದೇ ಊರಲ್ಲಿದೆ.

ಈ ಎರಡೂ ಊರುಗಳ ನಡುವೆ, ಆಚೆಗೆ, ಈಚೆಗೆ ಇರುವುದೇ ನಿಜವಾದ ಸವಾರಿ. ಕೆಂಪು ಮಣ್ಣು. ಒಂದು ಕಡೆ ದ್ರಾಕ್ಷಿ ಚಪ್ಪರ, ಇನ್ನೊಂದು ಕಡೆ ಹಿಪ್ಪುನೇರಳೆ, ಅದರಾಚೆ ಗುಲಾಬಿ ಬೆಳೆಯುವ ಪಾಲಿಹೌಸ್, ನಡುನಡುವೆ ನೀಲಗಿರಿ ತೋಪು. ನವೆಂಬರ್, ಡಿಸೆಂಬರ್‌ನಲ್ಲಿ ಹೋದರೆ ರಾಗಿ ಕುಯ್ಲು ನಡೆದಿರುತ್ತದೆ. ಹೊಲದಂಚಿನ ಅವರೆ ಗಿಡದ ಸೊಗಡು ಮೂಗಿಗೆ ಬಡಿಯುತ್ತದೆ. ಊರೊಳಗಿನ ರಸ್ತೆಯ ಮೇಲೇ ರಾಗಿ ಹಾಸಿರುತ್ತಾರೆ, ಹೋಗಿ ಬರುವ ಗಾಡಿಗಳೇ ಒಕ್ಕಣೆ ಮಾಡಲಿ ಅಂತ. ನಾನಂತೂ ಅಲ್ಲಿ ಇಳಿದು, ಸೈಕಲ್ ತಳ್ಳಿಕೊಂಡು ಪಕ್ಕಕ್ಕೆ ಹೋಗುತ್ತೇನೆ. ನಮ್ಮ ಟೈರಿಗೆ ಮೆತ್ತಿದ ಮಣ್ಣು ಅವರ ಅನ್ನಕ್ಕೆ ಬೀಳಬಾರದು.

ಕೆರೆ ಏರಿಯ ಮೇಲಿನ ದಾರಿ ಈ ಸುತ್ತಿನ ಜೀವ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ತೋಟ, ನಡುವೆ ಒಂದು ಬಂಡಿಯ ಅಗಲದ ಮಣ್ಣು. ತೂಬಿನ ಹತ್ತಿರ ಒಂದು ತಗ್ಗು, ಕೋಡಿಯ ಹತ್ತಿರ ಕಲ್ಲುಗಳು. ಅಲ್ಲಿ ಸೀಟಿನಿಂದ ಎದ್ದು, ಮೊಣಕೈ ಸಡಿಲ ಬಿಟ್ಟು ಇಳಿಸಬೇಕು. ಶಾಶ್ವತವಾಗಿ ಹರಿಯುವ ನದಿ ಇಲ್ಲದ ಈ ಜಿಲ್ಲೆಯ ಎಷ್ಟೋ ಕೆರೆಗಳಿಗೆ ಈಗ ಬರುತ್ತಿರುವುದು ಬೆಂಗಳೂರಿನ ನೀರು. ನಾವು ಬಳಸಿ ಬಿಟ್ಟ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ಹೆಬ್ಬಾಳ-ನಾಗವಾರ ಯೋಜನೆಯಲ್ಲಿ ಪೈಪ್ ಹಾಕಿ ಇಲ್ಲಿಗೆ ತರುತ್ತಾರೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದ್ದು ಹಾಗೆಯೇ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅಂತ ಇಲ್ಲಿಯ ರೈತರು ಕೇಳುತ್ತಲೇ ಇದ್ದಾರೆ. ಏರಿಯ ಮೇಲೆ ಸೈಕಲ್ ಹೊಡೆದು ಖುಷಿಪಡುವ ಬೆಂಗಳೂರಿನವರು ಇದನ್ನು ತಿಳಿದಿರಬೇಕು. ಈ ಊರಿಗೂ ನಮಗೂ ಋಣ ಇದೆ.

ಟೈರಿಗೆ ಗಾಳಿ ಕಮ್ಮಿ ಇರಲಿ, 25ರಿಂದ 30 ಪಿಎಸ್‌ಐ ಸಾಕು, ಮರಳಲ್ಲಿ ಹಿಡಿತ ಸಿಗುತ್ತದೆ. ಜಾಲಿ ಮುಳ್ಳಿನ ಕಾಟ ಜಾಸ್ತಿ, ಟ್ಯೂಬ್‌ಲೆಸ್ ಆದರೆ ಒಳ್ಳೆಯದು, ಇಲ್ಲದಿದ್ದರೆ ಎರಡು ಟ್ಯೂಬ್ ಇಟ್ಟುಕೊಳ್ಳಿ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ನಿಂತುಬಿಡಿ.

ಈಗ ಈ ಬರಹದ ಕಾರಣಕ್ಕೆ ಬರುತ್ತೇನೆ. ದೇವನಹಳ್ಳಿಯ ಹತ್ತಿರ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಲೇಔಟುಗಳು ಬೆಟ್ಟದ ಬುಡದವರೆಗೂ ಬಂದಿವೆ. ಲೇಔಟ್ ಬಂದ ಕೂಡಲೇ ಮೊದಲು ಏಳುವುದು ಕಾಂಪೌಂಡ್ ಅಥವಾ ತಂತಿ ಬೇಲಿ. ಬಂಡಿದಾರಿ ಅಲ್ಲಿಗೆ ಮುಗಿಯಿತು. ಕಳೆದ ಚಳಿಗಾಲದಲ್ಲಿ ಒಂದು ದಿಣ್ಣೆ ಇಳಿದು ಬಂದರೆ ಎದುರಿಗೆ ಹೊಸ ಬೇಲಿ. ಕಲ್ಲುಕಂಬದ ಬುಡದ ಸಿಮೆಂಟು ಇನ್ನೂ ಹಸಿ. ಬೇಲಿಯ ಈಚೆಗೆ ಒಬ್ಬರು ತಾತ ಎರಡು ಹಸು ಹಿಡಿದು ನಿಂತಿದ್ದರು. "ಯಾವಾಗ ಹಾಕಿದ್ರು ತಾತ ಇದನ್ನ?" ಅಂದೆ. "ಮೊನ್ನೆ ಕಣಪ್ಪ. ನಮ್ ತಾತನ ಕಾಲದಿಂದ ಬಂಡಿ ಹೊಡ್ದಿದೀವಿ ಇಲ್ಲಿ. ಈಗ ನಮ್ ಹೊಲಕ್ ಹೋಗೋಕೆ ಊರೆಲ್ಲಾ ಸುತ್ಕಂಡ್ ಬರ್ಬೇಕು" ಅಂದರು. ನನಗೆ ಒಂದು ಬೆಳಗಿನ ಸವಾರಿ ಕೆಟ್ಟಿತು, ಅಷ್ಟೇ. ಅವರಿಗೆ ದಿನವೂ ಅದೇ ಪಾಡು.

ಈ ದಾರಿಗಳು ಯಾರದೋ ದಯೆಯಿಂದ ಸಿಕ್ಕಿದ್ದಲ್ಲ. ಗ್ರಾಮ ನಕಾಶೆ ತೆಗೆದು ನೋಡಿ. ಎರಡು ಚುಕ್ಕೆ ಗೆರೆ ಇದ್ದರೆ ಬಂಡಿದಾರಿ, ಒಂದೇ ಇದ್ದರೆ ಕಾಲುದಾರಿ. ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ನಕಾಶೆ ಸಿಗುತ್ತದೆ. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರೇ ಕಾಣುತ್ತದೆ. ಬಿ ಖರಾಬು, ಅಂದರೆ ಸಾಗುವಳಿಗಲ್ಲದೆ ಎಲ್ಲರ ಬಳಕೆಗೆ ಬಿಟ್ಟ ಜಾಗ, ಅಂತ ದಾಖಲಾದ ದಾರಿ ಸಾರ್ವಜನಿಕರದ್ದು, ಅದಕ್ಕೆ ಬೇಲಿ ಹಾಕುವ ಹಕ್ಕು ಯಾರಿಗೂ ಇಲ್ಲ. ಇದು ರೈತರಿಗೆ ಗೊತ್ತು. ಆದರೆ ತಾಲ್ಲೂಕು ಕಚೇರಿಗೆ ಅಲೆದು, "ಆ ದಾರೀಲಿ ಈಗ ಯಾರೂ ಓಡಾಡಲ್ಲ" ಅನ್ನುವ ಉತ್ತರ ಕೇಳಿ ವಾಪಸ್ ಬರುತ್ತಾರೆ.

ಓಡಾಡುತ್ತಾರೆ ಅಂತ ತೋರಿಸಲು ನಮ್ಮ ಹತ್ತಿರ ದಾಖಲೆ ಇದೆ, ಅಲ್ವಾ? ಪ್ರತಿ ಸವಾರಿಯ ಜಿಪಿಎಸ್ ಟ್ರ್ಯಾಕ್ ನಮ್ಮ ಫೋನಿನಲ್ಲಿ ತಾರೀಖು ಸಮೇತ ಕೂತಿದೆ. ಎಲ್ಲಿಯವರೆಗೆ ದಾರಿ ತೆರೆದಿತ್ತು, ಯಾವಾಗ ಮುಚ್ಚಿತು ಅಂತ ಅದರಲ್ಲಿ ಗೊತ್ತಾಗುತ್ತದೆ. ನಕಾಶೆಯ ಜೊತೆ ಅದನ್ನೂ ಪ್ರಿಂಟ್ ಹಾಕಿ ಆ ಊರಿನವರ ಕೈಗೆ ಕೊಡಬಹುದು. ಗ್ರಾಮಸಭೆಯಲ್ಲಿ, ತಹಶೀಲ್ದಾರರ ಎದುರು ಅರ್ಜಿ ಹಾಕುವವರು ಅವರೇ ಆಗಬೇಕು. ನಾವು ಅವರ ಹಿಂದೆ ನಿಲ್ಲಬೇಕು. ನಂದಿ, ಮುದ್ದೇನಹಳ್ಳಿ, ಕಳವಾರದ ಸುತ್ತಮುತ್ತ ಓಡಾಡಿದವರು ನಿಮ್ಮ ಹಳೇ ಟ್ರ್ಯಾಕ್‌ಗಳನ್ನು ಅಳಿಸಬೇಡಿ, ನನಗೆ ಕಳಿಸಿ. ಒಂದೊಂದೇ ಗ್ರಾಮದ ನಕಾಶೆಯ ಮೇಲೆ ಕೂರಿಸುವ ಕೆಲಸ ಶುರು ಮಾಡಿದ್ದೇನೆ. ಮೊದಲು ಮಾಡುತ್ತಿರುವುದು ಆ ತಾತನ ಊರಿನದ್ದು.